ಒಳಗೇನೂ ಇಲ್ಲ

ತೂ ಮನೆತನದ ಚಪ್ಪಲಿ ಬೀರುವಿನ ಮೇಲ್ಗೂಡಿನಲ್ಲಿ ಕೂತಿದ್ದ ಕಪ್ಪು ಯಂತ್ರಕ್ಕೆ ಹೊಸ ಆವೃತ್ತಿ ಹಾಕತಕ್ಕದ್ದು ಎಂಬ ನಿರ್ಣಯವು ಚಾಂದ್ರಮಾನದ ಹೊಸ ವರ್ಷದ ಎರಡನೆಯ ದಿನ, ಹುರಿದ ಮೂಲಂಗಿ ಕಡುಬಿನ ತಟ್ಟೆಯ ಎದುರಿನಲ್ಲಿ, ಯಾರ ವಿರೋಧವೂ ಇಲ್ಲದೆ ಅಂಗೀಕೃತವಾಯಿತು. ರಾಜ್ಯಗಳು ಕೈಬದಲಾಗುವುದೂ ಸುಮಾರಾಗಿ ಹೀಗೆಯೇ. ಒಬ್ಬರು ಬಾಯಲ್ಲಿ ಕಡುಬು ಇಟ್ಟುಕೊಂಡು ಪ್ರಸ್ತಾಪಿಸುತ್ತಾರೆ, ಇನ್ನೊಬ್ಬರು ಚಟ್ನಿಯ ಬಟ್ಟಲು ಸರಿಸುತ್ತಾ ಹೂಂ ಅನ್ನುತ್ತಾರೆ, ಕಳೆದುಕೊಂಡವನು ಆ ಹೊತ್ತಿಗೆ ಅಡಿಗೆಮನೆಯಲ್ಲಿ ಕೋಳಿ ಕತ್ತರಿಸುತ್ತಿರುತ್ತಾನೆ.

ಚಿನ್‌ತಾಂಗ್ ಕತ್ತರಿಸುತ್ತಿದ್ದ ಕೋಳಿ ಆ ಮನೆಯ ಕಿರಿಯ ಅಳಿಯನಿಗಾಗಿ ಬೆಂದದ್ದು. ಹೊಸ ವರ್ಷದ ಎರಡನೆಯ ದಿನವೆಂದರೆ ಮದುವೆಯಾದ ಹೆಣ್ಣುಮಕ್ಕಳು ಗಂಡಂದಿರ ಜೊತೆ ತವರಿಗೆ ಬರುವ ದಿನ. ಅವತ್ತು ಅಳಿಯ ಅನ್ನಿಸಿಕೊಂಡವನು ಕೂತಲ್ಲಿಂದ ಏಳಬಾರದು, ಕೋಳಿಯ ತೊಡೆ ಅವನ ಬಟ್ಟಲಿಗೆ ತಾನಾಗಿ ಬಂದು ಬೀಳಬೇಕು. ಯುವಾನ್‌ಲಿನ್ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ಹಿರಿಯ ಅಳಿಯ ಎಲ್ಲಿಂದಲೂ ಬರುವವನಲ್ಲ. ಅವನು ಮನೆಅಳಿಯ. ಮದುವೆಯಾದಂದಿನಿಂದ ಇದೇ ಮನೆಯ ಮೇಲಿನ ಮಹಡಿಯಲ್ಲಿದ್ದಾನೆ, ಕೆಳಗಿನ ಉಪ್ಪುಹಣ್ಣಿನ ಅಂಗಡಿಯಲ್ಲಿ ಜಾಡಿಗಳನ್ನು ಒರೆಸುತ್ತಾನೆ, ಅವನ ಒಬ್ಬಳೇ ಮಗಳು ತಾಯಿಯ ಮನೆತನದ ಹೆಸರು ಹೊತ್ತು ಬೆಳೆದಿದ್ದಾಳೆ. ಇರುವವನನ್ನು ಬರಮಾಡಿಕೊಳ್ಳುವುದು ಹೇಗೆ? ಮೊದಲ ವರ್ಷ ಅತ್ತೆ ಬಾವ್‌ಜು ಯೋಚಿಸಿ ಯೋಚಿಸಿ, ಬೆಳಿಗ್ಗೆಯೇ ಅವನನ್ನು ಹಿಂಬಾಗಿಲಿನಿಂದ ಹೊರಗೆ ಕಳಿಸಿ, ಬೀದಿ ಒಂದು ಸುತ್ತು ಹಾಕಿ, ಕಿತ್ತಳೆಯ ಪೆಟ್ಟಿಗೆ ಹಿಡಿದು ಮುಂಬಾಗಿಲಿನಿಂದ ಬಾ ಅಂದಿದ್ದಳು. ಅವನು ಹಾಗೇ ಬಂದಿದ್ದ. ಬೀದಿಯವರೆಲ್ಲ ನಕ್ಕಿದ್ದರು, ಅತ್ತೆಯೂ ನಕ್ಕಿದ್ದಳು, ಅವನೂ ನಕ್ಕಿದ್ದ. ಆ ನಗುವಿನಲ್ಲಿ ಯಾರದು ಎಷ್ಟು ಎಂದು ಅವನು ಇವತ್ತಿಗೂ ಬೇರ್ಪಡಿಸಲಾರ. ನಾದಿನಿ ಪೇಷಾನ್‌ಳ ಮದುವೆಯಾದ ಮೇಲೆ ಆ ನಾಟಕ ನಿಂತಿತು. ಬರಮಾಡಿಕೊಳ್ಳಲು ನಿಜವಾದ ಅಳಿಯ ಸಿಕ್ಕಿದ್ದ.

ಆ ನಿಜವಾದ ಅಳಿಯ, ಅಂದರೆ ಚಿನ್‌ತಾಂಗನ ಷಡ್ಡಕ ಬೋಯು, ಷಿಂಚುವಿನಲ್ಲಿ ಹಲ್ಲಿನ ಡಾಕ್ಟರು. ಯಂತ್ರಗಳು ಅವನಿಗೆ ಹವ್ಯಾಸ. ಚಿನ್‌ತಾಂಗನಿಗೆ ಹೆಚ್ಚು ಉರಿಯುತ್ತಿದ್ದದ್ದು ಇದೇ. ಅದೇ ಕಸುಬಿನವನಾಗಿದ್ದರೆ ಸೋಲಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ತನ್ನ ಇಡೀ ಸಂಸ್ಥಾನ ಇನ್ನೊಬ್ಬನಿಗೆ ಭಾನುವಾರದ ಆಟ. ಮನೆಯವರ ಫೋಟೋಗಳು, ಅಂಗಡಿಯ ಕ್ಯಾಮೆರಾ, ಅತ್ತೆಯ ಕರೋಕೆ ಹಾಡುಗಳು, ಎಲ್ಲವೂ ಇದ್ದದ್ದು ಆ ಕಪ್ಪು ಯಂತ್ರದಲ್ಲಿ. ಯಾರ ಫೋನಿನಲ್ಲಿ ಏನು ನಿಂತುಹೋದರೂ ಮನೆ ತುಂಬ ಒಂದೇ ಕೂಗು ಏಳುತ್ತಿತ್ತು: ಚಿನ್‌ತಾಂಗ್, ಬಂದು ನೋಡು. ಅವನ ಹೆಸರು ಆ ಮನೆಯಲ್ಲಿ ಇಷ್ಟು ದೊಡ್ಡ ದನಿಯಲ್ಲಿ ಕೇಳಿಬರುತ್ತಿದ್ದದ್ದು ಆಗ ಮಾತ್ರ.

"ಹಾಡು ನಡೆಸೋ ಆ ಪ್ಲಗಿನ್ನು ಇನ್ಮೇಲೆ ನಡೆಯಲ್ಲ ಅಮ್ಮ," ಬೋಯು ನಡುಮನೆಯಲ್ಲಿ ಹೇಳುತ್ತಿದ್ದದ್ದು ಕತ್ತಿಯ ಸದ್ದಿನ ನಡುವೆ ಕೇಳುತ್ತಿತ್ತು. ಬೋಯು ಮದುವೆಯ ದಿನದಿಂದಲೇ ಅತ್ತೆಯನ್ನು ಅಮ್ಮ ಎಂದು ಕರೆಯುತ್ತಿದ್ದ. ಚಿನ್‌ತಾಂಗನಿಗೆ ಆ ಪದ ಇಷ್ಟು ವರ್ಷವಾದರೂ ನಾಲಿಗೆಯ ತುದಿಗೆ ಬಂದು ಅತ್ತೆಯಾಗಿಯೇ ಹೊರಬೀಳುತ್ತಿತ್ತು. "ನಾವು ಹೋದ ವರ್ಷ ತಂದುಕೊಟ್ಟ ಟೀವಿ ಅದರ ಜೊತೆ ನೆಟ್ಟಗೆ ಮಾತಾಡಲ್ಲ."

"ಮಾತಾಡಲ್ಲ ಅಂದ್ರೆ? ಜಗಳಾನಾ?"

"ಅದು ಹಳೇ ಕಾಲದ್ದು. ಈಗೆಲ್ಲ ಕಂಟೇನರ್ರು. ಊಟದ ಡಬ್ಬಿ ಅಂದ್ಕೊಳ್ಳಿ. ಮುಂಚೆ ಎಲ್ಲಾ ಒಂದೇ ಬಾಣಲೇಲಿ ಬೇಯ್ತಾ ಇತ್ತು, ಬಾಣಲೆ ಬದಲಾಯಿಸಿದ್ರೆ ಎಲ್ಲಾ ಚೆಲ್ಲಿಹೋಗೋದು. ಈಗ ಒಂದೊಂದಕ್ಕೂ ಒಂದೊಂದು ಡಬ್ಬಿ. ಹಾಳಾದ್ರೆ ಆ ಡಬ್ಬಿ ಮಾತ್ರ ತೆಗೆದು ಇನ್ನೊಂದು ಇಟ್ರಾಯ್ತು. ಜೋಪಾನ ಮಾಡೋದನ್ನ ಮಾತ್ರ ಡಬ್ಬಿಯಿಂದ ಹೊರಗೆ ಇಟ್ಕೋಬೇಕು."

"ಊಟ ಹೊರಗೆ ಇಟ್ಟ ಮೇಲೆ ಡಬ್ಬಿ ಯಾತಕ್ಕಪ್ಪ?"

ಎಲ್ಲರೂ ನಕ್ಕರು. ಇದೇ ಪ್ರಶ್ನೆಯನ್ನು ಚಿನ್‌ತಾಂಗ್ ಎರಡು ವರ್ಷದಿಂದ ತನ್ನೊಳಗೇ ಕೇಳಿಕೊಂಡಿದ್ದ. ಅದು ಒಳಗೇ ಇದ್ದದ್ದರಿಂದ ಯಾರೂ ನಕ್ಕಿರಲಿಲ್ಲ. ಹೊಸ ಆವೃತ್ತಿ ಬಂದಿದೆ, ಅದರಲ್ಲಿ ಪ್ಲಗಿನ್‌ಗಳಿಗೆ ಜಾಗವಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬಂದಾಗಲೆಲ್ಲ ಅವನು 'ಆಮೇಲೆ ನೆನಪಿಸು' ಎಂಬುದನ್ನು ಒತ್ತುತ್ತಾ ಬಂದಿದ್ದ. ಸೋಮಾರಿತನವಲ್ಲ. ಹೆದರಿಕೆಯೂ ಅಲ್ಲ ಎಂದು ಅವನು ತಿಳಿದಿದ್ದ. ಹಳೆಯ ಪ್ಲಗಿನ್ನಿನೊಳಗೆ ಒಂದು ವಸ್ತುವಿತ್ತು. ಅದನ್ನು ಹೊರಗೆ ತೆಗೆದಿಟ್ಟರೆ ಅದು ವಸ್ತುವಾಗಿಬಿಡುತ್ತಿತ್ತು, ಯಾರಾದರೂ ನೋಡಬಹುದಾಗಿತ್ತು.

ಅವನು ಕೋಳಿಯ ತಟ್ಟೆ ತಂದು ಇಡುವ ಹೊತ್ತಿಗೆ ಬೋಯು ಆಗಲೇ ಚಪ್ಪಲಿ ಬೀರುವಿನ ಮುಂದೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಯಂತ್ರದ ನೆತ್ತಿಯ ಮೇಲೆ ತೆಂಗಿನಕಾಯಿ ರುಚಿಯ ಜೋಳದ ಕುರುಕಿನ ಹಸಿರು ಪೊಟ್ಟಣ. ಇಲ್ಲಿ ಯಾವ ಯಂತ್ರದ ಮೇಲಾದರೂ ಅದು ಇದ್ದೇ ಇರುತ್ತದೆ. ಆ ತಿಂಡಿಯ ಹೆಸರೇ ಹೇಳಿದ ಮಾತು ಕೇಳು ಎಂಬಂಥದ್ದು. ಪೊಟ್ಟಣ ಹಸಿರಿದ್ದರೆ ಯಂತ್ರ ಮಾತು ಕೇಳುತ್ತದೆ, ಹಳದಿಯಾದರೆ ಮುನಿಯುತ್ತದೆ, ಅವಧಿ ಮುಗಿದಿದ್ದರೆ ದೇವರೂ ಜವಾಬ್ದಾರನಲ್ಲ. ಬೋಯು ಅದನ್ನು ಎತ್ತಿ, ಹಿಂದೆ ತಿರುಗಿಸಿ, ಎಕ್ಸ್‌ರೇ ನೋಡುವವನ ಹಾಗೆ ಬೆಳಕಿಗೆ ಹಿಡಿದ.

"ಭಾವ, ಇದರ ಅವಧಿ ಅಕ್ಟೋಬರಿಗೇ ಮುಗಿದಿದೆಯಲ್ಲ."

ಇಡೀ ಮನೆಗೆ ಕೇಳಿಸಿತು. ಬೋಯು ಅದನ್ನು ಕೆಣಕಲು ಹೇಳಿದ್ದಲ್ಲ, ಇವರಿಗೆ ಗೊತ್ತಿಲ್ಲವೇನೋ ಎಂದು ಹೇಳಿದ್ದು, ಅದು ಇನ್ನೂ ಕೆಟ್ಟದ್ದು. ಆಮೇಲೆ ತನ್ನ ಚೀಲದಿಂದ ಹೊಸ ಪೊಟ್ಟಣವೊಂದನ್ನು ತೆಗೆದು ಯಂತ್ರದ ಮೇಲಿಟ್ಟ. ಅಂದರೆ ಷಿಂಚುವಿನಿಂದಲೇ ತಂದಿದ್ದ! ಅಂದರೆ ಕಡುಬಿನ ಮುಂದಿನ ಆ ಪ್ರಸ್ತಾಪ ಅಲ್ಲೇ ಹೊಳೆದದ್ದಲ್ಲ. ಗಂಡ ಹೆಂಡತಿ ಕಾರಿನಲ್ಲಿ ಕೂತು ಮಾತಾಡಿಕೊಂಡಿದ್ದಾರೆ. ಪಾಪ, ಭಾವನಿಗೆ ಆಗಲ್ಲ ಕಣೇ. ಹೂಂ, ನೀನೇ ಮಾಡಿಬಿಡು, ಬೇಜಾರಾಗದ ಹಾಗೆ ಮಾಡು. ಆ ಮಾತುಗಳನ್ನು ಚಿನ್‌ತಾಂಗ್ ಕೇಳಿರಲಿಲ್ಲ, ಆದರೂ ಪೇಷಾನ್‌ಳ ದನಿಯ ಏರಿಳಿತದ ಸಮೇತ ಅವು ಅವನ ಕಿವಿಯಲ್ಲಿದ್ದವು. ಅವನು ಹಳೆಯ ಪೊಟ್ಟಣವನ್ನು ಎತ್ತಿಕೊಂಡು ಕಸದ ಬುಟ್ಟಿಯ ಕಡೆ ಹೊರಟ.

"ಏಯ್, ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀಯ?" ಅತ್ತೆ ಕೂತಲ್ಲಿಂದಲೇ ಕೇಳಿದಳು. "ಐದನೇ ದಿನದ ತನಕ ಮನೆಯಿಂದ ಏನೂ ಆಚೆ ಹೋಗಬಾರದು. ವರ್ಷದ ಅದೃಷ್ಟಾನೆಲ್ಲ ಗುಡಿಸಿ ಬಿಸಾಕ್ತೀಯಾ?"

ಅವನು ಪೊಟ್ಟಣವನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಅವತ್ತಿಡೀ ಅವನು ಬಗ್ಗಿದಾಗ, ಕೂತಾಗ, ಯಾರಿಗಾದರೂ ಚಹಾ ಬಗ್ಗಿಸಿ ಕೊಟ್ಟಾಗ ಅದು ಒಳಗಿನಿಂದ ಚರಚರ ಎನ್ನುತ್ತಿತ್ತು.

ಬೋಯುವಿನ ಬೆರಳುಗಳು ಚಿಕ್ಕವು, ಶುಭ್ರವಾದವು, ಬೇರೆಯವರ ಬಾಯೊಳಗೆ ಹೋಗಿ ಬಂದು ಅಭ್ಯಾಸವಾದವು. ಅವು ಕೀಲಿಗಳ ಮೇಲೆ ಓಡುತ್ತಿದ್ದರೆ ಚಿನ್‌ತಾಂಗನಿಗೆ ತನ್ನ ಬಾಯನ್ನೇ ಯಾರೋ ತೆರೆದು ನೋಡುತ್ತಿರುವ ಹಾಗೆ ಅನ್ನಿಸಿತು. ಹುಳುಕು ಹಲ್ಲುಗಳು, ಹಳೆಯ ತೇಪೆಗಳು, ಎಲ್ಲ. ಫೋಟೋಗಳನ್ನು ಜೋಡಿಸಿಟ್ಟ ಕ್ರಮ ನೋಡಿ ಬೋಯು "ಓ ಹೀಗೆ ಮಾಡಿದೀರಾ" ಅಂದ. ಒಳ್ಳೆಯದೋ ಕೆಟ್ಟದ್ದೋ ಹೇಳಲಿಲ್ಲ. ಹೊಸ ಡಬ್ಬಿಗಳು ಒಂದೊಂದಾಗಿ ಬಂದು ಕೂತವು. ಚಿನ್‌ತಾಂಗ್ ಪಕ್ಕದಲ್ಲಿ ನಿಂತಿದ್ದ, ಹೆರಿಗೆ ಕೋಣೆಯ ಹೊರಗೆ ಗಂಡಸು ನಿಂತ ಹಾಗೆ, ಅವಶ್ಯವಿಲ್ಲದೆ ಮತ್ತು ಹೋಗಲಾರದೆ.

"ಭಾವ, ಹಾಡುಗಳ ಫೈಲುಗಳೆಲ್ಲ ಹೊರಗಡೇನೇ ಇದಾವೆ, ಅವು ತಾವಾಗೇ ಬರ್ತವೆ. ಆ ಹಳೇ ಪ್ಲಗಿನ್ ಒಳಗೆ ಏನಾದ್ರೂ ಇದೆಯಾ? ನೀವು ಮಾಡಿಟ್ಟಿರೋದು ಏನಾದ್ರೂ? ಇದ್ರೆ ಈಗ್ಲೇ ತೆಗೆದು ಹೊರಗೆ ಇಡಬೇಕು. ಹೊಸದಕ್ಕೆ ಅದು ಕಾಣಿಸಲ್ಲ."

ಇತ್ತು. ಹತ್ತು ವರ್ಷದ ಹಿಂದೆ, ಮಾವನ ಕರ್ಮಾಂತರ ಮುಗಿದ ವರ್ಷ, ಅತ್ತೆ ಮತ್ತೆ ಹಾಡಲು ಕೂತ ದಿನ 'ಉಪ್ಪುಗದ್ದೆಯ ಗಾಳಿ' ಹಾಡಿನ ಮೂರನೆಯ ಸಾಲಿನಲ್ಲಿ ದನಿ ಮೇಲೇರುವಲ್ಲಿ ಅವಳ ಗಂಟಲು ಬಟ್ಟೆ ಹರಿದ ಹಾಗೆ ಹರಿದಿತ್ತು. ಅವಳು ಕೆಮ್ಮಿ, ನೆಲಗಡಲೆಯ ಸಿಪ್ಪೆ ಎಂದು ಹೇಳಿ, ಮೈಕನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಬೀದಿ ನೋಡಿದ್ದಳು. ಹುಡುಗಿಯಾಗಿದ್ದಾಗ ದೇವಸ್ಥಾನದ ಅಂಗಳದ ಸ್ಪರ್ಧೆಯಲ್ಲಿ ಅದೇ ಹಾಡು ಹಾಡಿ ಅನ್ನ ಮಾಡುವ ವಿದ್ಯುತ್ ಪಾತ್ರೆ ಗೆದ್ದವಳು ಅವಳು. ಆ ಪಾತ್ರೆ ಕೆಟ್ಟು ಎಷ್ಟೋ ಕಾಲವಾದರೂ ದೇವರ ಗೂಡಿನ ಕೆಳಗೆ ಇತ್ತು. ಮರುದಿನ ಬೆಳಿಗ್ಗೆ ಚಿನ್‌ತಾಂಗ್ ಯಾರಿಗೂ ಹೇಳದೆ ಪ್ಲಗಿನ್ನಿನಲ್ಲಿ ಆ ಒಂದು ಹಾಡಿನ ಶ್ರುತಿಯನ್ನು ಒಂದು ಮೆಟ್ಟಿಲು ಇಳಿಸಿದ. ಒಂದೇ ಒಂದು. ಸಂಜೆ ಅವಳು ಹೆದರುತ್ತಾ ಹಾಡಿದಳು, ಮೂರನೆಯ ಸಾಲು ಬಂತು, ದನಿ ಹೋಗಿ ಅಲ್ಲಿ ಕೂತಿತು. "ಇವತ್ತು ಗಂಟಲು ಚೆನ್ನಾಗಿದೆ," ಅಂದಳು, ಯಾರಿಗೂ ಅಲ್ಲದ ಹಾಗೆ. ಅವನಿಗೆ ಆ ಮನೆಯಲ್ಲಿ ಯಾರೂ ಅಷ್ಟು ದೊಡ್ಡ ಮೆಚ್ಚುಗೆಯ ಮಾತು ಆಡಿರಲಿಲ್ಲ. ಆಮೇಲೆ ಎರಡು ವರ್ಷಕ್ಕೊಂದು, ಕೆಲವು ಹಾಡುಗಳಿಗೆ ಎರಡು, ಹೀಗೆ ಕುಗ್ಗುತ್ತಿರುವವರ ಕೈಗೆ ಎಟುಕಲೆಂದು ಗೋಡೆಯ ಹಲಗೆಯನ್ನು ರಾತ್ರೋರಾತ್ರಿ ಕೆಳಗಿಳಿಸುವವನ ಹಾಗೆ, ಅವನು ಇಳಿಸುತ್ತಾ ಬಂದ. 'ಉಪ್ಪುಗದ್ದೆಯ ಗಾಳಿ' ಐದು ಮೆಟ್ಟಿಲು ಇಳಿದಿತ್ತು. ಅತ್ತೆ ಮಾತ್ರ ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ನಾನು ಮೂಲ ಶ್ರುತೀಲೇ ಹಾಡೋಳು. ಇಳಿಸಿ ಹಾಡೋದು ಅಂದ್ರೆ ಬಾಡಿಗೆ ಹಲ್ಲಲ್ಲಿ ನಕ್ಕ ಹಾಗೆ." ಸಮುದಾಯ ಭವನದ ಕರೋಕೆಯಲ್ಲಿ ಒಮ್ಮೆ ಹಾಡಲು ಹೋಗಿ, ಆ ಯಂತ್ರ ಕೆಟ್ಟಿದೆ, ಕಿರುಚುತ್ತದೆ ಎಂದು ವಾಪಸು ಬಂದಿದ್ದಳು. ಅವನು ಜಾಡಿ ಒರೆಸುತ್ತಾ ಒಳಗೊಳಗೇ ನಕ್ಕಿದ್ದ. ಆ ನಗುವಿನಲ್ಲಿ ಮಾತ್ರ ಯಾರ ಪಾಲೂ ಇರಲಿಲ್ಲ, ಪೂರ್ತಿ ಅವನದೇ.

ಈಗ ಅದನ್ನು ಹೇಳುವುದು ಹೇಗೆ? ಹೇಳಿದರೆ ಬೋಯು ಖಂಡಿತ ನಗುವುದಿಲ್ಲ. ಎಷ್ಟು ಚೆನ್ನಾಗಿದೆ ಭಾವ ಅನ್ನುತ್ತಾನೆ, ಆ ಶುಭ್ರವಾದ ಬೆರಳುಗಳಿಂದ ಅದನ್ನು ಹಿಡಿದು ಹೊರಗೆ ತೆಗೆದು ತನ್ನ ಹೊಸ ಡಬ್ಬಿಯ ಪಕ್ಕದಲ್ಲಿ ಇಡುತ್ತಾನೆ, ಊಟಕ್ಕೆ ಕೂತಾಗ ಹೆಂಡತಿಗೆ ಹೇಳುತ್ತಾನೆ. ಹೇಳದಿದ್ದರೆ? ಹೇಳದಿದ್ದರೆ ಹಾಡುಗಳೆಲ್ಲ ಮೂಲ ಶ್ರುತಿಗೆ ಎದ್ದು ನಿಲ್ಲುತ್ತವೆ. ಆ ಎರಡನೆಯ ಯೋಚನೆ ಪೂರ್ತಿಯಾಗುವ ಮೊದಲೇ ಅವನ ಬಾಯಿ ಉತ್ತರ ಕೊಟ್ಟಿತ್ತು.

"ಇಲ್ಲ. ಒಳಗೇನೂ ಇಲ್ಲ."

"ಅಳಿಸಿಬಿಡ್ಲಾ ಹಾಗಾದ್ರೆ?"

"ಐದನೇ ದಿನದ ತನಕ ಏನೂ ಬಿಸಾಕಬಾರದಂತೆ," ಚಿನ್‌ತಾಂಗ್ ಹೇಳಿದ. "ಕೇಳಿಸ್ಕೊಂಡ್ಯಲ್ಲ."

ಬೋಯು ನಕ್ಕ. "ಸರಿ, ಇರ್ಲಿ ಒಂದು ಮೂಲೇಲಿ. ನೀವೇ ಆಮೇಲೆ ಅಳಿಸಿ. ಯಂತ್ರದ ಪಾಸ್‌ವರ್ಡ್ ನಿಮ್ಮದೇ ಇದೆ. ಹಾಡಿನ ಆಪ್‌ಗೆ ಮಾತ್ರ ಹೊಸದು ಹಾಕಿದೀನಿ, ಕಳಿಸ್ತೀನಿ."

"ಅವಸರ ಏನಿಲ್ಲ."

ಮಧ್ಯಾಹ್ನದ ಊಟಕ್ಕೆ ಚೂನ್‌ಮೇ ಬಂದಳು. ಅವಳು ತೀರಿಹೋದ ಮಾವನ ತಂಗಿ, ಆ ಲೆಕ್ಕದಲ್ಲಿ ಅವಳಿಗೂ ಇದು ತವರು. ಎಪ್ಪತ್ತು ದಾಟಿದ ಮೇಲೂ ಎರಡನೆಯ ದಿನ ತಪ್ಪಿಸುವವಳಲ್ಲ. ದೇವಸ್ಥಾನದ ಅಂಗಳದ ಆ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಬಂದದ್ದು ಇವಳಿಗೆ. ಎರಡನೆಯ ಬಹುಮಾನ ಒಂದು ಛತ್ರಿ. ಅತ್ತಿಗೆ ನಾದಿನಿಯರ ನಡುವೆ ಅಂದಿನಿಂದ ಆ ಛತ್ರಿ ಮಡಿಚಿರಲಿಲ್ಲ. ಕೋಳಿಯ ತೊಡೆ ಬೋಯುವಿನ ಬಟ್ಟಲಿಗೆ ಹೋಯಿತು. ಅವನು "ಭಾವನಿಗೆ ಹಾಕಿ ಅಮ್ಮ" ಅಂದ, ಅತ್ತೆ "ಅವನು ಮನೆಯವನಪ್ಪ" ಅಂದಳು. ಮನೆಯವನು. ಚಿನ್‌ತಾಂಗ್ ಆ ಪದವನ್ನು ಬಾಯಲ್ಲಿ ಹಾಕಿಕೊಂಡು ಬಹಳ ಹೊತ್ತು ಅಗಿದ. ಎಲ್ಲಿ ಮಾಂಸ ಮುಗಿದು ಎಲ್ಲಿ ಮೂಳೆ ಶುರುವಾಗುತ್ತದೆಂದು ತಿಳಿಯಲಿಲ್ಲ. ಅವನ ಕಣ್ಣು ಮಾತ್ರ ಟೀವಿಯ ಮೇಲೆ ಇತ್ತು. ಪರದೆಯ ಮೇಲೆ ಹೊಸ ಆಪ್ ತನ್ನ ಹಾಡುಗಳನ್ನು ಚಿತ್ರಗಳ ಸಮೇತ ಸಾಲಾಗಿ ಹರಡಿಕೊಂಡು, ಮದುವೆ ಮನೆಯ ತಾಂಬೂಲದ ತಟ್ಟೆಯ ಹಾಗೆ ಕಾಯುತ್ತಿತ್ತು. ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಹೆಂಡತಿ ಹುಯಿಮಿನ್ ಕೂಡ ಅಂದಳು. ಈಗಲೂ ಹೇಳಬಹುದಿತ್ತು. ಕಿತ್ತಳೆ ಸುಲಿಯುವಾಗ ಹೇಳಬಹುದಿತ್ತು, ಕೈ ತೊಳೆಯಲು ಬೋಯು ಎದ್ದಾಗ ಹಿಂದೆಯೇ ಹೋಗಿ ಹೇಳಬಹುದಿತ್ತು. ಪ್ರತಿಯೊಂದು ಅವಕಾಶ ಬಂದಾಗಲೂ ಅವನು ಅದಕ್ಕೆ ಮರ್ಯಾದೆಯಿಂದ ದಾರಿ ಬಿಟ್ಟು ನಿಂತ.

"ಹಾಡಿ ಅತ್ತಿಗೆ," ಚೂನ್‌ಮೇ ಹಲ್ಲು ಕೆದಕುತ್ತಾ ಹೇಳಿದಳು. "ಮೂಲ ಶ್ರುತಿಯ ರಾಣಿ ನೀವು. ನಮ್ಮಂಥೋರು ಕೇಳಿ ಪುಣ್ಯ ಕಟ್ಕೋತೀವಿ."

"ನಿನ್ನ ಛತ್ರಿ ಬಿಚ್ಚಿಟ್ಕೋ, ಮಳೆ ಬಂದೀತು," ಬಾವ್‌ಜು ಮೈಕ್ ತೆಗೆದುಕೊಂಡಳು.

ಮೊದಲ ಸಾಲಿನಲ್ಲೇ ಅವಳ ಹುಬ್ಬು ಗಂಟಿಕ್ಕಿತು. ಕತ್ತಲಲ್ಲಿ ಮೆಟ್ಟಿಲು ಇಳಿಯುವವರು ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಾಗ ಹೀಗಾಗುತ್ತದೆ. ಎರಡನೆಯ ಸಾಲಿಗೆ ಕುತ್ತಿಗೆಯ ನರ ಎದ್ದಿತು. ಚಿನ್‌ತಾಂಗ್ ತನ್ನ ಮೊಣಕಾಲು ನೋಡುತ್ತಿದ್ದ. ಮೂರನೆಯ ಸಾಲು ಬರುತ್ತಿದೆ ಎಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು, ಅದು ಬರುವಾಗ ಅವನಿಗೆ ಆದದ್ದು ಭಯವಲ್ಲ ಎಂಬುದನ್ನೂ ಅವನು ಮರೆಯಲಾರ. ದನಿ ಹೋಗಿ ಮೇಲಿನ ಸ್ವರವನ್ನು ಹಿಡಿಯಲು ಕೈಚಾಚಿತು, ಸಿಗಲಿಲ್ಲ, ಸೀಳಿತು. ಹೊಸ ಟೀವಿಯ ದೊಡ್ಡ ದನಿಯಲ್ಲಿ ಆ ಸೀಳು ಬೀದಿಯ ತನಕ ಹೋಯಿತು. ಸಂಗೀತ ಮಾತ್ರ ಏನೂ ಆಗದವರ ಹಾಗೆ ಮುಂದಕ್ಕೆ ನಡೆಯಿತು.

"ನೀರು ಕುಡೀರಿ ಅತ್ತಿಗೆ," ಚೂನ್‌ಮೇ ಹೇಳಿದಳು. "ವಯಸ್ಸು ಯಾರನ್ನೂ ಬಿಡಲ್ಲ."

"ವಯಸ್ಸಲ್ಲ. ಯಂತ್ರ ಕಿರುಚ್ತಾ ಇದೆ, ಆ ಸಮುದಾಯ ಭವನದ್ದರ ಹಾಗೆ. ಬೋಯು, ಏನಪ್ಪ ಮಾಡಿಟ್ಟೆ ಇದನ್ನ? ನೆನ್ನೆ ತನಕ ಚೆನ್ನಾಗಿತ್ತಲ್ಲ." ಅವಳು ಸುತ್ತ ನೋಡಿದಳು. ಕಣ್ಣು ಬಂದು ನಿಂತದ್ದು ಹಿರಿಯ ಅಳಿಯನ ಮೇಲೆ. "ಚಿನ್‌ತಾಂಗ್, ಬಂದು ನೋಡು."

ಬೆಳಗಿನಿಂದ ಅವನು ಬಯಸಿದ್ದು ಇದು. ಬೆಳಗಿನಿಂದ ಏನು, ಪೇಷಾನ್‌ಳ ಮದುವೆಯಿಂದ. ಎದೆಯೊಳಗೆ ಬಿಸಿನೀರು ಹೊಯ್ದ ಹಾಗಾಯಿತು. ಅವನು ಏಳುತ್ತಿದ್ದ, ಜೇಬಿನಲ್ಲಿ ಪೊಟ್ಟಣ ಚರಚರ ಎಂದಿತು, ಎರಡು ನಿಮಿಷ ಸಾಕು, ಮೂಲೆಯಲ್ಲಿ ಬಿದ್ದಿರುವ ಹಳೆಯದರೊಳಗಿಂದ ಎಲ್ಲವನ್ನೂ ತಂದು ಸರಿಮಾಡಿ, ಕೈ ಒರೆಸಿಕೊಂಡು, ಈಗ ಹಾಡಿ ಅತ್ತೆ ಎಂದರೆ ಆಯಿತು. ಅವನು ಪೂರ್ತಿ ಎದ್ದು ನಿಲ್ಲುವ ಮೊದಲೇ ಬೋಯು ಫೋನು ಕಿವಿಗಿಟ್ಟುಕೊಂಡು ಏನೋ ಕೇಳುತ್ತಿದ್ದವನು ಅದನ್ನು ಎಲ್ಲರ ನಡುವೆ ಮೇಜಿನ ಮೇಲಿಟ್ಟ. ಹಾಡಿನ ಹಳೆಯ ಧ್ವನಿಮುದ್ರಿಕೆ, ಮೂಲ ಗಾಯಕಿಯ ದನಿ. ಟೀವಿಯಲ್ಲಿ ಅದೇ ಸಾಲು ಹಾಕಿದ. ಎರಡೂ ಒಂದರೊಳಗೊಂದು ಹೋಗಿ ಕೂತವು.

"ಶ್ರುತಿ ಸರಿಯಾಗೇ ಇದೆ ಅಮ್ಮ. ಇದೇ ಮೂಲ." ಅವನು ಫೋನು ಆರಿಸಿದ. "ಮುಂಚೆ ಇದ್ದದ್ದೇ ಕೆಳಗಿತ್ತು ಅನ್ಸುತ್ತೆ."

ಎಲ್ಲರ ಮುಖವೂ ಅರ್ಧ ಎದ್ದು ನಿಂತಿದ್ದ ಚಿನ್‌ತಾಂಗನ ಕಡೆ ತಿರುಗಿತು. ಅವನಿಗೆ ಆಗ ಕಂಡದ್ದು ಅತ್ತೆಯ ಕೈ. ಮೈಕನ್ನು ಹಿಡಿದ ಆ ಕೈ, ಉಪ್ಪುನೀರಿನಲ್ಲಿ ಪ್ಲಮ್ ಅಲುಬಿ ಅಲುಬಿ ಬೆರಳ ತುದಿಗಳು ನೆರಿಗೆಗಟ್ಟಿದ ಕೈ. ನಿಜ ಹೇಳಬಹುದಿತ್ತು. ಹೇಳಿದರೆ ಚೂನ್‌ಮೇ ಎದುರಿಗೆ ಅವಳ ಹತ್ತು ವರ್ಷ ಒಂದೇ ಉಸಿರಿಗೆ ಉದುರಿ ಬೀಳುತ್ತಿತ್ತು: ಇಲ್ಲ, ಅತ್ತೆ, ನಿಮಗೆ ಆಗುತ್ತಿರಲಿಲ್ಲ, ನಾನು ಇಳಿಸುತ್ತಿದ್ದೆ.

"ಹಳೇ ಪ್ಲಗಿನ್ನು," ಅಂದ. "ಏನೋ ದೋಷ ಇತ್ತೇನೋ. ನಾನು ಗಮನಿಸ್ಲಿಲ್ಲ."

"ಇಷ್ಟು ವರ್ಷ ಗಮನಿಸ್ಲಿಲ್ಲ," ಬಾವ್‌ಜು ನಿಧಾನವಾಗಿ ಹೇಳಿದಳು. "ನಾನು ಊರಿಗೆಲ್ಲ ಹೇಳ್ಕೊಂಡು ಓಡಾಡಿದೆ. ಹಾಳು ಯಂತ್ರದ ಜೊತೆ."

ಚೂನ್‌ಮೇ ಬಾಯಿ ತೆರೆದಳು. ಅಷ್ಟರಲ್ಲಿ ಬೋಯು ಹೋಗಿ ಅತ್ತೆಯ ಕುರ್ಚಿಯ ಪಕ್ಕ, ಕಾಲಬಳಿ, ಕುಕ್ಕರುಗಾಲಲ್ಲಿ ಕೂತ. ಹೆದರಿದ ರೋಗಿಗಳ ಹತ್ತಿರ ಅವನು ಹೀಗೇ ಕೂರುತ್ತಿರಬೇಕು. "ಅಮ್ಮ, ನಾಲ್ಕು ಮೆಟ್ಟಿಲು ಇಳಿಸ್ತೀನಿ ತಡೀರಿ. ನನ್ನ ಹತ್ರ ಬರೋರಿಗೆಲ್ಲ ನಾನು ಹೇಳೋದು ಒಂದೇ. ಹಲ್ಲು ಬಾಡಿಗೇದಾದ್ರೇನು, ಕಡಿಯೋದು ನೀವೇ ತಾನೆ?"

ಬಾವ್‌ಜು ಅವನನ್ನು ನೋಡಿದಳು. ಆಮೇಲೆ ನಕ್ಕಳು. ಚಿನ್‌ತಾಂಗ್ ಆ ನಗುವನ್ನು ಅವಳ ಮುಖದ ಮೇಲೆ ಎಂದೂ ನೋಡಿರಲಿಲ್ಲ, ಹುಡುಗಿಯ ನಗು, ಸ್ಪರ್ಧೆಯ ಕಾಲದ್ದಿರಬೇಕು. ಹತ್ತು ವರ್ಷ ಅವನು ಕಳ್ಳನ ಹಾಗೆ ಅಂಗೈಯಲ್ಲಿ ಮುಚ್ಚಿ ಮುಚ್ಚಿ ಕೊಟ್ಟದ್ದನ್ನು ಇವನು ಎಲ್ಲರ ಎದುರಿಗೆ, ಹೆಸರು ಹಿಡಿದು, ಒಂದೇ ಗುಂಡಿ ಒತ್ತಿ ಕೊಟ್ಟ, ಅವಳು ತೆಗೆದುಕೊಂಡಳು. ಕೇಳಿದ್ದರೆ ಅವನಿಂದಲೂ ತೆಗೆದುಕೊಳ್ಳುತ್ತಿದ್ದಳೋ ಏನೋ. ಅವನು ಕೇಳಿಯೇ ಇರಲಿಲ್ಲ. ಅವಳು ಹಾಡಿದಳು. ಮೂರನೆಯ ಸಾಲಿನಲ್ಲಿ ಸ್ವಲ್ಪ ಬಿಗಿಯಾಯಿತು, ಆದರೂ ದಾಟಿತು. ಚೂನ್‌ಮೇ ಹಾಡು ಮುಗಿದ ಮೇಲೆ ಕೆಮ್ಮಿ, "ಡಾಕ್ಟ್ರೇ, ನನಗೂ ಒಂದೆರಡು ಇಳಿಸಿಕೊಡಪ್ಪ," ಅಂದಳು. ಮನೆಯೆಲ್ಲ ನಗುವಾಯಿತು.

ಚಿನ್‌ತಾಂಗ್ ಪಾತ್ರೆ ತೊಳೆಯಲು ಹೋದ. ಸ್ವಲ್ಪ ಹೊತ್ತಿಗೆ ಹುಯಿಮಿನ್ ಬಂದು ಪಕ್ಕದಲ್ಲಿ ನಿಂತು ತೊಳೆದ ಬಟ್ಟಲುಗಳನ್ನು ಒರೆಸತೊಡಗಿದಳು.

"ಅಮ್ಮ ಹೇಳ್ತಿದಾಳೆ, ಹಿರಿಯಳಿಯನಿಗೆ ಕಿವಿ ಇಲ್ಲ ಅಂತ."

"ಹೂಂ."

"ನನಗಿದೆ."

ಅವನ ಕೈ ನೀರಿನಲ್ಲೇ ನಿಂತಿತು. "ಯಾವಾಗಿಂದ?"

"ಮೊದಲನೇ ಸಲದಿಂದ. ಅಮ್ಮನ ದನಿ ಕೇಳ್ಕೊಂಡು ಹುಟ್ಟಿದವಳು ನಾನು."

"ನೀನು ಹೇಳ್ಲೇ ಇಲ್ಲ."

"ನೀನೂ ಹೇಳ್ಲಿಲ್ಲ. ಚೆನ್ನಾಗಿತ್ತಲ್ಲ ಹಾಗೇ." ಅವಳು ಬಟ್ಟಲುಗಳನ್ನು ಒಂದರ ಮೇಲೊಂದು ಇಟ್ಟಳು. "ಬೋಯುಗೆ ಯಾಕೆ ಹೇಳ್ಲಿಲ್ಲ?"

ಅವನು ಉತ್ತರ ಹುಡುಕಿದ. ಸಿಕ್ಕ ಉತ್ತರಗಳೆಲ್ಲ ಒಂದೇ ಬಣ್ಣದವಾಗಿದ್ದವು. "ಈಗ ಹೋಗಿ ಅತ್ತೆಗೆ ಹೇಳ್ಲಾ?"

"ಏನಂತ? ಹತ್ತು ವರ್ಷ ನಿಮ್ಮನ್ನ ಕೈಗೂಸಿನ ಹಾಗೆ ನೋಡ್ಕೊಂಡೆ ಅಂತಲಾ? ಅತ್ತೆ ಮುಂದೇನಾ?" ಅತ್ತೆ ಎಂದು ಅವಳು ಅಂದದ್ದು ಚೂನ್‌ಮೇಯನ್ನು. ಆಮೇಲೆ ಅವಳು ಒರೆಸುವ ಬಟ್ಟೆಯನ್ನು ಹಿಂಡಿ ಹರವಿ ಹೊರಟುಹೋದಳು. ಅವಳಿಗೆ ಸಿಟ್ಟು ಬಂದಿತ್ತೆಂದು ಅವನಿಗೆ ತಿಳಿದದ್ದು ಬಟ್ಟೆಯನ್ನು ಅಷ್ಟು ನೀಟಾಗಿ ಹರವಿದ್ದರಿಂದ. ಆ ಗುಟ್ಟು ಪೂರ್ತಿ ತನ್ನದೆಂದು ಅವನು ತಿಳಿದಿದ್ದ; ಅದರಲ್ಲಿ ಇನ್ನೊಬ್ಬರು ಇಷ್ಟು ವರ್ಷ ಸದ್ದಿಲ್ಲದೆ ವಾಸವಾಗಿದ್ದರು, ಅವರನ್ನೂ ಇವತ್ತು ಹೊರಗೆ ಹಾಕಿದ್ದಾಯಿತು.

ಸಂಜೆ ಬೋಯು ಮತ್ತು ಪೇಷಾನ್ ಹೊರಟರು. ಅತ್ತೆ ಉಪ್ಪುಹಣ್ಣಿನ ದೊಡ್ಡ ಜಾಡಿಯೊಂದನ್ನು ಬೋಯುವಿನ ಕೈಗೆ ಕೊಟ್ಟಳು. ಅದನ್ನು ಕಾರಿನ ತನಕ ಹೊತ್ತವನು ಚಿನ್‌ತಾಂಗ್. "ಪಾಸ್‌ವರ್ಡ್ ಕಳಿಸ್ತೀನಿ ಭಾವ," ಬೋಯು ಕಿಟಕಿ ಇಳಿಸಿ ಮತ್ತೆ ಹೇಳಿದ. "ಅವಸರ ಏನಿಲ್ಲ," ಚಿನ್‌ತಾಂಗ್ ಮತ್ತೆ ಹೇಳಿದ.

ಮೂರನೆಯ ದಿನ, ನಾಲ್ಕನೆಯ ದಿನ ಅವನು ಅಂಗಡಿಗೆ ಇಳಿಯುವಾಗಲೂ ಹತ್ತುವಾಗಲೂ ಚಪ್ಪಲಿ ಬೀರುವಿನ ಮುಂದೆ ನಿಲ್ಲುತ್ತಿದ್ದ. ಯಂತ್ರದ ಹಸಿರು ದೀಪ ಮಿನುಗುತ್ತಿತ್ತು. ಅದರೊಳಗೆ ಎಲ್ಲೋ ಒಂದು ಮೂಲೆಯಲ್ಲಿ, ಯಾರಿಗೂ ಕಾಣದ ಕಡೆ, ಹಳೆಯ ಪ್ಲಗಿನ್ ಸತ್ತೂ ಸಾಯದೆ ಬಿದ್ದಿತ್ತು, ಪ್ರತಿ ಹಾಡಿನ ಪಕ್ಕದಲ್ಲಿ ಅವನು ಇಳಿಸಿದ ಮೆಟ್ಟಿಲುಗಳ ಸಮೇತ. ಅತ್ತೆಯನ್ನು ಕರೆದು ತೋರಿಸಬಹುದಿತ್ತು. ನೋಡಿ, ದೋಷವಲ್ಲ, ನಾನು. ಅವನು ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಮನಸ್ಸಿನಲ್ಲೇ ಆಡಿ ನೋಡಿದ. ಯಾವ ಶ್ರುತಿಯಲ್ಲಿ ಆಡಿದರೂ ಅದು ಬೋಯುವಿನ ಬಗ್ಗೆ ಆಡಿದ ಮಾತಿನ ಹಾಗೇ ಕೇಳುತ್ತಿತ್ತು. ಚಿನ್‌ತಾಂಗ್ ಮಗುವಾಗಿದ್ದಾಗ ಅವನ ಅಣ್ಣನಿಗೆ ಜ್ವರ ಬಂದರೆ ತಾಯಿ ಪೇರ್ ಹಣ್ಣು ಬೇಯಿಸಿ ಕೊಡುತ್ತಿದ್ದಳು. ಒಮ್ಮೆ ಅದನ್ನು ತಾನೇ ಒಯ್ದು ಕೊಡುವ ಹಟ ಮಾಡಿ, ದಾರಿಯಲ್ಲಿ ಬೇಕೆಂದೇ ಬಟ್ಟಲು ಚೆಲ್ಲಿ, ಅಣ್ಣನಿಗಿಂತ ಜೋರಾಗಿ ತಾನೇ ಅತ್ತಿದ್ದ. ತಾನು ಯಾಕೆ ಅತ್ತೆನೆಂದು ಆಗಲೂ ಅವನಿಗೆ ಗೊತ್ತಿರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಮೇಲಿನಿಂದ ಹಾಡು ಕೇಳಿಸಿತು. 'ಉಪ್ಪುಗದ್ದೆಯ ಗಾಳಿ'. ಮೂರನೆಯ ಸಾಲು ಬಿಗಿಯಿತು, ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ನಿಂತಿತು. ಅವನು ಒಂದೇ ಜಾಡಿಯನ್ನು ಒರೆಸುತ್ತಲೇ ಇದ್ದ.

"ಚಿನ್‌ತಾಂಗ್," ಮಹಡಿಯಿಂದ ಕೂಗು ಬಂತು.

ಅವನು ಎರಡೆರಡು ಮೆಟ್ಟಿಲು ಹತ್ತಿ ಹೋದ.

"ಇನ್ನೊಂದು ಸ್ವಲ್ಪ ಇಳಿಸಬೇಕು ಇದನ್ನ," ಬಾವ್‌ಜು ಪರದೆಯನ್ನೇ ನೋಡುತ್ತಾ ಹೇಳಿದಳು. "ಬೋಯುಗೆ ಫೋನ್ ಮಾಡು."

ಅವನು ಮಾಡಿದ. ಆ ಕಡೆ ನೀರು ಸುರಿಯುವ ಸದ್ದು, ಯಾರೋ ಬಾಯಿ ಮುಕ್ಕಳಿಸುವ ಸದ್ದು. ಬೋಯುವಿನ ದವಾಖಾನೆ ತೆರೆದಿತ್ತು.

"ಅತ್ತೆ 'ಉಪ್ಪುಗದ್ದೆಯ ಗಾಳಿ' ಇಳಿಸಬೇಕು ಅಂತಿದಾರೆ. ಐದಕ್ಕೆ."

"ಐದಾ? ಈಗ್ಲೇ ಮಾಡ್ತೀನಿ." ನೀರಿನ ಸದ್ದು ನಿಂತಿತು. "ಐದು ಅಂತ ಅಮ್ಮ ಹೇಳಿದ್ರಾ ಭಾವ?"

"ಹೂಂ."

"ಅಮ್ಮನಿಗೆ ಲೆಕ್ಕ ಗೊತ್ತಾಗಲ್ವಲ್ಲ." ಮತ್ತೆ ನೀರು. "ಭಾವ. ಆ ಹಳೇದರ ಒಳಗೆ ಏನೂ ಇರ್ಲಿಲ್ಲ ಅಂದ್ರಲ್ಲ."

ಅತ್ತೆ ಮೈಕನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು.

"ಇರ್ಲಿಲ್ಲ," ಚಿನ್‌ತಾಂಗ್ ಹೇಳಿದ.

"ಸರಿ ಭಾವ," ಬೋಯು ಬಹಳ ಮೃದುವಾಗಿ ಅಂದ. ಆ ಮೃದುತನಕ್ಕಾಗಿ ಚಿನ್‌ತಾಂಗ್ ಅವನನ್ನು ಸಾಯುವ ತನಕ ಕ್ಷಮಿಸುವವನಲ್ಲ.

ಬಾವ್‌ಜು ಹಾಡಿದಳು. ಮೂರನೆಯ ಸಾಲು ಬಂತು, ದನಿ ಹೋಗಿ ಅಲ್ಲಿ ಕೂತಿತು. "ನೋಡಿದ್ಯಾ," ಅಂದಳು, "ಡಾಕ್ಟ್ರ ಕೈ."

ಸಂಜೆ ಕಸದ ಗಾಡಿ ತನ್ನ ಪಿಯಾನೋ ರಾಗ ನುಡಿಸುತ್ತಾ ಬೀದಿಗೆ ಬಂತು. ಐದು ದಿನದ ಕಸ ಹಿಡಿದುಕೊಂಡು ಊರೆಲ್ಲ ಹೊರಗೆ ನಿಂತಿತ್ತು. ಚಿನ್‌ತಾಂಗ್ ಮನೆಯ ಚೀಲಗಳನ್ನು ಎಸೆದು, ಜೇಬಿನಿಂದ ಹಸಿರು ಪೊಟ್ಟಣ ತೆಗೆದು ಅದನ್ನೂ ಎಸೆದ. ಒಳಗೆ ಬಂದು ಕೈ ತೊಳೆದು ಹಳೆಯ ಪ್ಲಗಿನ್ನನ್ನು ಅಳಿಸಿದ. ಖಚಿತವೇ ಎಂದು ಯಂತ್ರ ಒಂದು ಸಲ ಕೇಳಿತು. ಮನೆಯ ಎಲ್ಲ ಆಪ್‌ಗಳೂ ಈಗ ಕಂಟೇನರುಗಳಲ್ಲಿ ನಡೆಯುತ್ತಿವೆ. ಹಾಡಿನದರ ಪಾಸ್‌ವರ್ಡ್ ಬೋಯುವಿನ ಹತ್ತಿರ ಇದೆ.